ಬಡಾವಣೆ ಆರಿಸಿಕೊಡುವ ಆ್ಯಪ್: ನಾಲ್ಕು ತಿಂಗಳ ಬಳಕೆಯ ಅನುಭವ

ಹಿರಿಯ ಮಗಳಿಗೆ ಐದು ತುಂಬುವ ಹೊತ್ತಿಗೆ, ಕಿರಿಯವನು ಇನ್ನೂ ತಳ್ಳುಗಾಡಿಯಲ್ಲಿರುವಾಗಲೇ, ನಗರದ ನಡುವಿನ ಇಕ್ಕಟ್ಟಾದ ಬಾಡಿಗೆ ಮನೆಯನ್ನು ಬಿಟ್ಟು ಹೊರವಲಯದ ಯಾವುದಾದರೊಂದು ಬಡಾವಣೆಗೆ ಹೋಗುವುದೆಂದು ನಾವಿಬ್ಬರೂ ತೀರ್ಮಾನಿಸಿದೆವು. ಬೇಕಾಗಿದ್ದದ್ದು ಎರಡೇ: ಒಳ್ಳೆಯ ಶಾಲೆ ಮತ್ತು ಆಡಂಬರವಿಲ್ಲದ ನೆರೆಹೊರೆ. ಹುಡುಕಾಟಕ್ಕೆ ನೆರವಾಗಲೆಂದು, ಶಾಲೆಗಳ ಅಂಕ, ಪ್ರಯಾಣದ ಸಮಯ ಮತ್ತು ಮನೆಗಳ ಬೆಲೆಯನ್ನು ಒಟ್ಟುಗೂಡಿಸಿ ಬಡಾವಣೆಗಳಿಗೆ ಶ್ರೇಯಾಂಕ ಕೊಡುವ ಆ್ಯಪ್ ಒಂದಕ್ಕೆ ಚಂದಾ ಕಟ್ಟಿ ನಾಲ್ಕು ತಿಂಗಳು ಬಳಸಿದೆವು. ಈ ಬಗೆಯ ಆ್ಯಪ್‌ಗಳ ಲೆಕ್ಕಾಚಾರ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅದರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ.

ಮೊದಲು ಅದು ಚೆನ್ನಾಗಿ ಮಾಡುವ ಕೆಲಸವನ್ನು ಹೇಳುತ್ತೇನೆ. ಕಚೇರಿಯ ವಿಳಾಸವನ್ನೂ ತಲುಪಬೇಕಾದ ಗಂಟೆಯನ್ನೂ ಕೊಟ್ಟರೆ, ಆ ವೇಳೆಯ ದಟ್ಟಣೆಯನ್ನು ಲೆಕ್ಕಕ್ಕೆ ಹಿಡಿದು ಪ್ರತಿ ಬಡಾವಣೆಯಿಂದ ಎಷ್ಟು ನಿಮಿಷವೆಂದು ತೋರಿಸುತ್ತದೆ. ಭಾನುವಾರ ಮಧ್ಯಾಹ್ನ ಮನೆ ನೋಡಲು ಹೋದವರಿಗೆ ಇಪ್ಪತ್ತು ನಿಮಿಷದ ದಾರಿಯೆನಿಸಿದ್ದು ಸೋಮವಾರ ಬೆಳಿಗ್ಗೆ ಐವತ್ತಾಗುವುದು ಹೊಸ ಸಂಗತಿಯೇನಲ್ಲ. ಆದರೆ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲೇ ಅದು ತಿಳಿಯುವುದು ದೊಡ್ಡ ಉಪಕಾರ. ಮನುಷ್ಯರು ಸರಾಸರಿಯಲ್ಲಿ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾರೆಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದಿದ್ದರು. ಅದನ್ನೇ ತುಸು ಸಡಿಲಿಸಿ ಅಳತೆಗೋಲಾಗಿಟ್ಟುಕೊಂಡು, ಒಂದು ದಿಕ್ಕಿಗೆ 35 ನಿಮಿಷಕ್ಕಿಂತ ಹೆಚ್ಚಾಗುವುದನ್ನೆಲ್ಲ ತೆಗೆದುಹಾಕಿದಾಗ 31 ಬಡಾವಣೆಗಳಲ್ಲಿ 11 ಉಳಿದವು. ಈ ಒಂದು ಕೆಲಸಕ್ಕೇ ಮೊದಲ ತಿಂಗಳ ಚಂದಾ ಸಾರ್ಥಕವಾಯಿತು.

ತೊಡಕು ಶುರುವಾಗುವುದು ಶಾಲೆಯ ಅಂಕದಲ್ಲಿ. ಪ್ರತಿ ಶಾಲೆಗೂ ಹತ್ತಕ್ಕೆ ಇಷ್ಟೆಂದು ಬಣ್ಣದ ವೃತ್ತದಲ್ಲಿ ಒಂದು ಸಂಖ್ಯೆ ಕಾಣುತ್ತದೆ. ಒಂಬತ್ತಾದರೆ ಹಸಿರು, ಆರಾದರೆ ಹಳದಿ. ಹಸಿರು ಕಂಡ ಕೂಡಲೇ ತಂದೆತಾಯಿಯ ಮನಸ್ಸು ಅತ್ತ ವಾಲುತ್ತದೆ, ನಮ್ಮದೂ ವಾಲಿತು. ಆದರೆ ವೃತ್ತವನ್ನು ಒತ್ತಿ ಒಳಗಿನ ವಿವರಣೆ ಓದಿದರೆ, ಆ ಅಂಕದ ಬಹುಪಾಲು ಒಂದೇ ವರ್ಷದ ಪರೀಕ್ಷಾ ಫಲಿತಾಂಶದಿಂದ ಬಂದದ್ದೆಂದು ತಿಳಿಯುತ್ತದೆ. ಮಕ್ಕಳ ಕಲಿಕೆಯಲ್ಲಿನ ಅಂತರಕ್ಕೆ ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣವೆಂದು ಅಮೆರಿಕದಲ್ಲಿ ಲಕ್ಷಾಂತರ ವಿದ್ಯಾರ್ಥಿಗಳ ಸಮೀಕ್ಷೆ ನಡೆಸಿದ ಕೋಲ್ಮನ್ ವರದಿ 1966ರಲ್ಲೇ ಹೇಳಿತ್ತು. ಹಾಗಾಗಿ ಬರೀ ಫಲಿತಾಂಶದಿಂದ ಬಂದ ಒಂಬತ್ತು, ಆ ಶಾಲೆಯ ಶಿಕ್ಷಕರು ಎಷ್ಟು ಚೆನ್ನಾಗಿ ಕಲಿಸುತ್ತಾರೆ ಎಂಬುದಕ್ಕಿಂತ ಅಲ್ಲಿಗೆ ಮಕ್ಕಳನ್ನು ಕಳಿಸುವ ಮನೆಗಳು ಎಷ್ಟು ಅನುಕೂಲಸ್ಥವಾಗಿವೆ ಎಂಬುದನ್ನೇ ಹೆಚ್ಚಾಗಿ ಹೇಳುತ್ತದೆ. ಸೇರಿದಾಗ ಮಗು ಎಲ್ಲಿತ್ತು, ಹೊರಬರುವಾಗ ಎಲ್ಲಿಗೆ ಬಂತು ಎಂದು ಅಳೆಯುವ ಪದ್ಧತಿಯೂ ಇಲ್ಲದಿಲ್ಲ. ಇಂಗ್ಲೆಂಡ್ 2016ರಿಂದ ಪ್ರೌಢಶಾಲೆಗಳಿಗೆ 'ಪ್ರೋಗ್ರೆಸ್ 8' ಎಂಬ ಅಂತಹ ಅಳತೆಯನ್ನು ಜಾರಿಗೆ ತಂದಿತು. ನಾವು ಬಳಸಿದ ಆ್ಯಪ್‌ನಲ್ಲಿ ಪ್ರಗತಿಯ ಅಂಕವೂ ಇದೆ, ಆದರೆ ಮೂರು ಪರದೆ ದಾಟಿದ ಮೇಲೆ, ಸಣ್ಣ ಅಕ್ಷರದಲ್ಲಿ. ನಾವು ಕೊನೆಗೆ ಆರಿಸಿದ ಬಡಾವಣೆಯ ಶಾಲೆಗೆ ಫಲಿತಾಂಶದಲ್ಲಿ ಆರು, ಪ್ರಗತಿಯಲ್ಲಿ ಎಂಟು.

ಇದರ ಮುಂದಿನ ಪರಿಣಾಮ ಬೆಲೆಯ ಮೇಲೆ. ಅಮೆರಿಕದ ಬಾಸ್ಟನ್ನಿನ ಹೊರವಲಯದಲ್ಲಿ, ಯಾವ ಬೀದಿಯ ಮಕ್ಕಳಿಗೆ ಯಾವ ಶಾಲೆಯೆಂದು ಗೊತ್ತುಮಾಡುವ ಶಾಲಾ ವ್ಯಾಪ್ತಿಯ ಗಡಿಯ ಆಚೀಚೆ ಇರುವ ಮನೆಗಳನ್ನು ಹೋಲಿಸಿದ ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್, ಪರೀಕ್ಷಾ ಅಂಕ ಶೇ. 5ರಷ್ಟು ಹೆಚ್ಚಿದ್ದರೆ ಪೋಷಕರು ಮನೆಗೆ ಸುಮಾರು ಶೇ. 2.5ರಷ್ಟು ಹೆಚ್ಚು ಕೊಡಲು ಸಿದ್ಧರಿರುತ್ತಾರೆಂದು 1999ರಲ್ಲಿ ಲೆಕ್ಕ ಹಾಕಿದರು. ಎಂದರೆ ಅನುಕೂಲಸ್ಥರು ಬಂದಂತೆ ಅಂಕ ಏರುತ್ತದೆ, ಅಂಕ ಏರಿದಂತೆ ಬೆಲೆ ಏರುತ್ತದೆ, ಬೆಲೆ ಏರಿದಂತೆ ಅನುಕೂಲಸ್ಥರಷ್ಟೇ ಬರುತ್ತಾರೆ. ಆ್ಯಪ್ ಇದನ್ನೇ ಶ್ರೇಯಾಂಕವೆಂದು ಬಡಿಸುತ್ತದೆ. 'ಆಡಂಬರವಿಲ್ಲದ' ಎಂದು ಹುಡುಕಲು ಅದರಲ್ಲಿ ಗುಂಡಿಯಿಲ್ಲ. ಹತ್ತಿರದ್ದೆಂದರೆ 'ಕುಟುಂಬಸ್ನೇಹಿ' ಎಂಬ ಆಯ್ಕೆ, ಅದು ಎಣಿಸುವುದು ಉದ್ಯಾನಗಳನ್ನು ಮಾತ್ರ.

ಶಾಲಾ ವ್ಯಾಪ್ತಿಯ ವಿಚಾರದಲ್ಲಿ ಇನ್ನಷ್ಟು ಎಚ್ಚರ ಬೇಕು. ನಮಗೆ ಹಿಡಿಸಿದ ಒಂದು ಮನೆ ಇಂಥ ಶಾಲೆಯ ವ್ಯಾಪ್ತಿಯೊಳಗಿದೆಯೆಂದು ಆ್ಯಪ್ ನೀಲಿ ಗೆರೆ ಎಳೆದು ತೋರಿಸಿತ್ತು. ಮುಂಗಡ ಕೊಡುವ ಹಿಂದಿನ ದಿನ, ಯಾವುದಕ್ಕೂ ಇರಲಿ ಎಂದು ಶಾಲೆಗೇ ಹೋಗಿ ವಿಚಾರಿಸಿದಾಗ, ಗುಮಾಸ್ತರು ಗೋಡೆಯ ಮೇಲಿನ ನಕ್ಷೆಯ ಮೇಲೆ ಬೆರಳಿಟ್ಟು, ಗೆರೆ ಒಂದು ಬೀದಿ ಹಿಂದಕ್ಕೆ ಸರಿದು ಎರಡು ವರ್ಷವಾಯಿತೆಂದರು. ಹಣ ಉಳಿಯಿತು. ಆ್ಯಪ್‌ನವರಿಗೆ ಬರೆದ ದೂರಿಗೆ, ಮಾಹಿತಿಯನ್ನು ಬಳಕೆದಾರರೇ ಖಚಿತಪಡಿಸಿಕೊಳ್ಳಬೇಕೆಂಬ ಸಿದ್ಧ ಉತ್ತರ ಬಂತು.

ಹನ್ನೊಂದರಲ್ಲಿ ಕೊನೆಗೆ ಉಳಿದ ಎರಡು ಬಡಾವಣೆಗಳನ್ನು ನಾವು ಶಾಲೆ ಬಿಡುವ ಹೊತ್ತಿಗೆ ಹೋಗಿ ನೋಡಿದೆವು. ಒಂಬತ್ತು ಅಂಕದ ಶಾಲೆಯ ಮುಂದೆ, ಗಂಟೆ ಬಾರಿಸುವ ಇಪ್ಪತ್ತು ನಿಮಿಷ ಮೊದಲೇ ಕಾರುಗಳು ಎಂಜಿನ್ ಆರಿಸದೆ ಸಾಲುಗಟ್ಟಿದ್ದವು. ನಡೆದು ಹೋದ ಒಂದು ಮಗುವೂ ಕಾಣಲಿಲ್ಲ. ನೋಡಿದ ಮನೆಗೂ ಶಾಲೆಗೂ ನಕ್ಷೆಯಲ್ಲಿ 400 ಮೀಟರ್ ಅಷ್ಟೇ, ಆದರೆ ನಡುವೆ ನಾಲ್ಕು ಪಥದ ರಸ್ತೆ. ಅಮೆರಿಕದ ನಗರ ಯೋಜಕ ಕ್ಲಾರೆನ್ಸ್ ಪೆರಿ 1929ರಲ್ಲಿ ನೆರೆಹೊರೆಯ ಮಾದರಿಯೊಂದನ್ನು ಮುಂದಿಟ್ಟಾಗ ಪ್ರಾಥಮಿಕ ಶಾಲೆಯನ್ನು ನಡುವೆ ಇಟ್ಟು, ವಾಹನಗಳ ದೊಡ್ಡ ರಸ್ತೆಗಳನ್ನು ಅಂಚಿಗೆ ಸರಿಸಿದ್ದರು. ಆ್ಯಪ್‌ಗೆ ಈ ವ್ಯತ್ಯಾಸ ಗೊತ್ತಿಲ್ಲ, ಅದಕ್ಕೆ 400 ಮೀಟರ್ ಎಂದರೆ 400 ಮೀಟರ್. ಆರು ಅಂಕದ ಶಾಲೆಯ ಬೀದಿಯಲ್ಲಿ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್ ಇತ್ತು. ವಯಸ್ಸಾದವರೊಬ್ಬರು ಕೈಯಲ್ಲಿ 'ನಿಲ್ಲಿ' ಎಂಬ ಫಲಕ ಹಿಡಿದು, ಹೆಸರು ಕೂಗಿ ಮಾತಾಡಿಸುತ್ತಲೇ ಮಕ್ಕಳನ್ನು ದಾಟಿಸುತ್ತಿದ್ದರು. ಅಂಗಿಯ ತೋಳಿಗೆ ಸುಣ್ಣಬಣ್ಣ ಮೆತ್ತಿಕೊಂಡಿದ್ದ ತಂದೆಯೊಬ್ಬರು ಒಂದು ಕೈಯಲ್ಲಿ ತಮ್ಮ ಮಗಳನ್ನು, ಇನ್ನೊಂದರಲ್ಲಿ ಪಕ್ಕದ ಮನೆಯ ಹುಡುಗನನ್ನು ಹಿಡಿದು ಹೊರಟರು. ಬೇಲಿಗೆ ಒರಗಿಸಿದ್ದ ಸೈಕಲ್ಲುಗಳಲ್ಲಿ ಅರ್ಧಕ್ಕೆ ಬೀಗವಿರಲಿಲ್ಲ. ಮುಖ್ಯೋಪಾಧ್ಯಾಯಿನಿಯವರಿಗೆ ನಾವು ಕೇಳಿದ್ದು ಒಂದೇ ಪ್ರಶ್ನೆ: ಮೂರು ವರ್ಷದಲ್ಲಿ ಎಷ್ಟು ಮಂದಿ ಶಿಕ್ಷಕರು ಬಿಟ್ಟುಹೋದರು? ಇಬ್ಬರು, ಅದರಲ್ಲಿ ಒಬ್ಬರದು ನಿವೃತ್ತಿ, ಎಂದು ಕಡತ ನೋಡದೆಯೇ ಹೇಳಿದರು.

ಆ್ಯಪ್‌ಗೆ ಐದರಲ್ಲಿ ಮೂರು ಕೊಡುತ್ತೇನೆ. ಬೇಡದ್ದನ್ನು ತೆಗೆದುಹಾಕಲು ಒಂದು ತಿಂಗಳ ಚಂದಾ ಸಾಕು, ವಾರ್ಷಿಕ ಯೋಜನೆ ದುಂದು. ಫಲಿತಾಂಶದ ವೃತ್ತವನ್ನು ಮುಚ್ಚಿಟ್ಟು ಪ್ರಗತಿಯ ಅಂಕವನ್ನು ಮೊದಲು ತೆರೆಯುವ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು. ವ್ಯಾಪ್ತಿಯ ಗೆರೆಯನ್ನಂತೂ ಶಾಲೆಯಲ್ಲಿ ಕೇಳದೆ ನಂಬಬೇಡಿ. ಚಂದಾ ನಿಲ್ಲಿಸಿದ ಮೇಲೂ ಸೂಚನೆಗಳು ಬರುತ್ತಲೇ ಇವೆ. ನಮ್ಮ ಬಡಾವಣೆಯ ಶಾಲೆ ಆರರಿಂದ ಏಳಕ್ಕೇರಿದೆ ಎಂದು ಕಳೆದ ತಿಂಗಳು ತಿಳಿಸಿತು. ಪಕ್ಕದ ಖಾಲಿ ಮನೆಗೆ ಆ ವಾರ ಹಾಕಿದ ಫಲಕದಲ್ಲಿ, ಬೆಲೆಗಿಂತ ದಪ್ಪ ಅಕ್ಷರದಲ್ಲಿ ಆ ಏಳನ್ನು ಬರೆದಿದ್ದಾರೆ.