ಓದು ಕಲಿಕೆಯ ಮೇಲೆ ಅರೆಕಾಲಿಕ ಪಿಎಚ್‌ಡಿ: ಪೂರ್ತಿ ಬಳಸಿ ನೋಡಿದ ಮೇಲೆ

ಐದಕ್ಕೆ ಮೂರೂವರೆ ಕೊಡುತ್ತೇನೆ. ಅದರಲ್ಲಿ ಮೂರು, ಮಕ್ಕಳ ಪಕ್ಕ ಕೂತು ಅವರ ಓದು ಕೇಳಿಸಿಕೊಂಡ ಭಾಗಕ್ಕೆ. ಉಳಿದದ್ದೆಲ್ಲ ಸೇರಿ ಅರ್ಧ. ನಾನು ಯಾದಗಿರಿ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನೌಕರಿ ಬಿಡದೆ ಪಿಎಚ್‌ಡಿ ಮಾಡಿದವಳು. ವಿಶ್ವವಿದ್ಯಾಲಯದ ಹೆಸರು ಬೇಡ. ಬೇರೆ ಕಡೆ ಓದಿದ ಗೆಳತಿಯರೂ ಇವೇ ಕಿರಿಕಿರಿಗಳನ್ನು ಹೇಳುತ್ತಾರೆ.

ಅಮೆರಿಕದಲ್ಲಿ ಓದು ಮತ್ತು ಸಾಕ್ಷರತಾ ಶಿಕ್ಷಣಕ್ಕೆಂದೇ ಡಾಕ್ಟರೇಟ್ ಕೊಡುವ ವಿಶ್ವವಿದ್ಯಾಲಯಗಳಿವೆ. ನಮ್ಮಲ್ಲಿ ನೀವು ಸೇರುವುದು ಶಿಕ್ಷಣ ವಿಭಾಗಕ್ಕೆ. ಓದು ಎನ್ನುವುದು ನೀವೇ ಆರಿಸಿಕೊಂಡು, ಹಟ ಹಿಡಿದು ಉಳಿಸಿಕೊಳ್ಳಬೇಕಾದ ವಿಷಯ. ಹಟ ಬಿಟ್ಟರೆ 'ಪ್ರೌಢಶಾಲಾ ವಿದ್ಯಾರ್ಥಿಗಳ ಓದಿನ ಮನೋಭಾವ ಮತ್ತು ಶೈಕ್ಷಣಿಕ ಸಾಧನೆ' ಎಂಬ ಧಾಟಿಯ ಶೀರ್ಷಿಕೆಯ ಕಡೆಗೆ ದೂಡುತ್ತಾರೆ. ಪ್ರಶ್ನಾವಳಿ ಹಂಚು, ಟಿಕ್ ಹಾಕಿಸು, ಟಿ-ಟೆಸ್ಟ್ ಹಚ್ಚು, ಬೈಂಡ್ ಮಾಡಿಸು. ಓದಿನ ಮೇಲಿನ ಆ ಇಡೀ ಮಹಾಪ್ರಬಂಧದಲ್ಲಿ ಒಂದು ಮಗುವೂ ಬಾಯಿಬಿಟ್ಟು ಓದಿರುವುದಿಲ್ಲ. ನನ್ನ ಗೈಡ್ ಓದಿನ ತಜ್ಞರಲ್ಲ, ಆದರೆ 'ನಿನಗ ಗೊತ್ತಿರೂದು ತರಗತಿ, ಅದರಾಗ ಮಾಡವಾ' ಅಂದರು. ಅಷ್ಟು ಸಾಕಾಯಿತು.

ನಿಯಮಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಾನು ಸೇರಿದಾಗ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2016ರ ನಿಯಮಾವಳಿ ಇತ್ತು: ಪ್ರಬಂಧ ಸಲ್ಲಿಸುವ ಮೊದಲು ಒಂದು ಸಂಶೋಧನಾ ಲೇಖನ ಪ್ರಕಟವಾಗಿರಬೇಕು, ಎರಡು ವಿಚಾರ ಸಂಕಿರಣಗಳಲ್ಲಿ ಮಂಡಿಸಿರಬೇಕು. ದುಡ್ಡು ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳು ಆ ಕಾಲದಲ್ಲಿ ಚೆನ್ನಾಗಿ ಬೆಳೆದವು. 2022ರ ನಿಯಮಾವಳಿ ಈ ಕಡ್ಡಾಯವನ್ನು ತೆಗೆದಿದೆ. ಈಗ ಸೇರುವವರಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷದ ಸಡಿಲಿಕೆ ಇದೆ. ಹೆರಿಗೆ ಅಥವಾ ಮಕ್ಕಳ ಆರೈಕೆಗೆ ಒಟ್ಟು ಅವಧಿಯಲ್ಲಿ 240 ದಿನಗಳವರೆಗೆ ರಜೆ ಸಿಗುತ್ತದೆ. ಅರೆಕಾಲಿಕರು ಗಮನಿಸಬೇಕಾದದ್ದು ಎನ್‌ಒಸಿ, ಅಂದರೆ ನೌಕರಿ ಮಾಡುವ ಕಚೇರಿ ಕೊಡುವ ಒಪ್ಪಿಗೆ ಪತ್ರ. ಅಗತ್ಯ ಬಿದ್ದರೆ ಕೋರ್ಸ್‌ವರ್ಕ್ (ಮೊದಲಿಗೆ ಹಾಜರಾಗಬೇಕಾದ ತರಗತಿಗಳು) ಮುಗಿಸಲು ನಿಮ್ಮನ್ನು ಕೆಲಸದಿಂದ ಬಿಡುಗಡೆ ಮಾಡುತ್ತೇವೆ ಎಂದು ಅದರಲ್ಲಿ ಬರೆದಿರಬೇಕು. ಆ ಒಂದು ಸಾಲು ಬಿಟ್ಟುಹೋಗಿದ್ದರೆ ಫೈಲ್ ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇರುತ್ತದೆ.

ಇನ್ನು ಒಳ್ಳೆಯ ಭಾಗ. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಸುವುದು 'ಅ ಆ ಇ ಈ' ಕ್ರಮದಲ್ಲಲ್ಲ, 'ರ ಗ ಸ ದ ಅ' ಎಂದು. ಇದನ್ನು ವರ್ಷಗಟ್ಟಲೆ ಕಲಿಸಿದ್ದೆ. ಆದರೂ ಒಂದನೇ ತರಗತಿಯಲ್ಲಿ 'ಸರ', 'ಗರಗಸ' ಎಂದು ಚುರುಕಾಗಿ ಓದುವ ಮಗು ಮೂರನೇ ತರಗತಿಗೆ ಬಂದು ಏಕೆ ನಿಲ್ಲುತ್ತದೆ ಎಂದು ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ. ಸೊನಾಲಿ ನಾಗ್ ಅವರು ಕನ್ನಡ ಓದಿನ ಮೇಲೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದಾಗ ಒಂದು ಉತ್ತರ ಸಿಕ್ಕಿತು. ಇಂಗ್ಲಿಷಿನ 26 ಅಕ್ಷರಗಳ ಹಾಗೆ ಕನ್ನಡದ್ದು ಒಂದು ವರ್ಷದಲ್ಲಿ ಮುಗಿಯುವ ವ್ಯವಹಾರವಲ್ಲ. ಕಾಗುಣಿತ ಸೇರಿದರೆ ಲೆಕ್ಕ 400 ದಾಟುತ್ತದೆ, ಒತ್ತಕ್ಷರ ಬೇರೆ. ಅಕ್ಷರಗಳ ಮೇಲಿನ ಹಿಡಿತ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ನಾವೋ ಮೂರನೇ ತರಗತಿಯಲ್ಲಿ ಅಕ್ಷರ ಕಲಿಸುವುದು ಮುಗಿಯಿತೆಂದು ಕೈ ತೊಳೆದುಕೊಂಡು ಪಾಠ ಶುರು ಮಾಡಿರುತ್ತೇವೆ.

ಇನ್ನೊಂದು ವಿಷಯ ನಮ್ಮ ಜಿಲ್ಲೆಯದೇ. ಭಾರತೀಯ ಭಾಷೆಗಳಲ್ಲಿ ಓದು-ಬರಹದ ಕಲಿಕೆ ಕುರಿತ ಎಲ್‌ಐಆರ್‌ಐಎಲ್ ಎಂಬ ಸಂಶೋಧನಾ ಯೋಜನೆಯಲ್ಲಿ ಶೈಲಜಾ ಮೆನನ್ ಮತ್ತು ಸಂಗಡಿಗರು ಯಾದಗಿರಿಯ ಕನ್ನಡ ಶಾಲೆಗಳ ಮಕ್ಕಳನ್ನೂ ಮಹಾರಾಷ್ಟ್ರದ ವಾಡಾ ಭಾಗದ ಮರಾಠಿ ಶಾಲೆಗಳ ಮಕ್ಕಳನ್ನೂ ಮೂರು ವರ್ಷ ಹಿಂಬಾಲಿಸಿ ಅಧ್ಯಯನ ಮಾಡಿದ್ದರು. ವರದಿ ಬಂದದ್ದು 2017ರಲ್ಲಿ. ನಮ್ಮೂರ ಮಕ್ಕಳ ಓದಿನ ಮೇಲೆ ಇಂಥ ಕೆಲಸ ಆಗಿದೆ ಎನ್ನುವುದು ನನಗೆ ತಿಳಿದದ್ದು ಪಿಎಚ್‌ಡಿಗೆ ಸೇರಿದ ಮೇಲೆ. ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆಯಾದ ಡಯಟ್‌ನ ಯಾವ ಸಭೆಯಲ್ಲೂ ಅದರ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ.

ಅಳತೆಯ ಜಗಳ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಚಿಕ್ಕ ಮಕ್ಕಳ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರದ ಯೋಜನೆ ನಿಪುಣ್ ಭಾರತ್ 2021ರಲ್ಲಿ ಬಂದಾಗ ಮೂರನೇ ತರಗತಿಯ ಗುರಿ ನಿಮಿಷಕ್ಕೆ ಕನಿಷ್ಠ 60 ಪದ, ಅರ್ಥಸಹಿತ. ಆದರೆ ಪದ ಎಂದರೆ ಎಷ್ಟುದ್ದದ್ದು? 'ಹೋಗಬೇಕಾಗಿತ್ತು' ನಮಗೆ ಒಂದು ಪದ, ಆರು ಅಕ್ಷರ. ಇದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ ಮೂರು ಪುಟ್ಟ ಪದ. ಒಂದೇ ಗಡಿಯಾರ ಹಿಡಿದು ಎರಡನ್ನೂ ಅಳೆದರೆ ನಮ್ಮ ಮಗು ನಿಧಾನ ಎಂದೇ ಬರುತ್ತದೆ. 2022ರ ಬುನಾದಿ ಕಲಿಕಾ ಅಧ್ಯಯನದಲ್ಲಿ ಎನ್‌ಸಿಇಆರ್‌ಟಿ 20 ಭಾಷೆಗಳಿಗೆ ಬೇರೆ ಬೇರೆ ಮಟ್ಟ ಗೊತ್ತುಮಾಡಿದ್ದು ಸರಿಯಾದ ಹೆಜ್ಜೆ. ಆದರೆ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಇವತ್ತಿಗೂ ಕೇಳುವುದು ಆ 60ನ್ನೇ.

ಸಲಹಾ ಸಮಿತಿಯ ಎದುರು ನನ್ನ ದೊಡ್ಡ ವಾದ ನಡೆದದ್ದು ಓದಿನ ತಪ್ಪುಗಳನ್ನು ಎಣಿಸುವುದರ ಮೇಲೆ. ಪುಸ್ತಕದಲ್ಲಿ 'ಮನೆ' ಎಂದಿದ್ದರೆ ನಮ್ಮ ಹುಡುಗ 'ಮನಿ' ಎಂದು ಓದುತ್ತಾನೆ. 'ಬೇಸಿಗೆ' ಇದ್ದರೆ 'ಬ್ಯಾಸಿಗಿ'. ಸಮಿತಿಯ ಒಬ್ಬರು ಅವನ್ನೆಲ್ಲ ತಪ್ಪು ಎಂದು ಎಣಿಸಿ ಅಂದರು. ನಾನು, 'ಸರ, ಅಚ್ಚಾಗಿದ್ದು ನೋಡಿ ತನ್ನ ಮಾತಿನ್ಯಾಗ ಅಂದಾನಂದ್ರ ಅವನಿಗ ತಿಳದದ ಅಂತ ಅಲ್ಲೇನ್ರಿ?' ಅಂದೆ. ಅಮೆರಿಕದ ಓದಿನ ಸಂಶೋಧಕ ಕೆನೆತ್ ಗುಡ್‌ಮನ್ 1960ರ ದಶಕದಿಂದ ಇದನ್ನೇ ಹೇಳಿಕೊಂಡು ಬಂದರು: ಮಗು ಮುದ್ರಿತ ಪಠ್ಯದಿಂದ ಆಚೆ ಸರಿದಾಗ ಎಷ್ಟು ಬಾರಿ ಎನ್ನುವುದಕ್ಕಿಂತ ಏಕೆ ಎನ್ನುವುದನ್ನು ನೋಡಿ. ನಿಜಕ್ಕೂ ಚಿಂತೆ ಹುಟ್ಟಿಸಿದವರು ಬೇರೆ ಮಕ್ಕಳು. 'ಬೇಸಿಗೆ' ಎಂದು ಅಚ್ಚುಕಟ್ಟಾಗಿ ಓದಿ, ಹಾಗಂದರೆ ಯಾವ ಕಾಲ ಎಂದು ಕೇಳಿದರೆ ಕಣ್ಣು ಪಿಳಿಪಿಳಿ ಬಿಡುವವರು. ತಾಂಡಾದ ಲಂಬಾಣಿ ಮಾತಿನ ಮಕ್ಕಳಲ್ಲಿ, ಗುರುಮಠಕಲ್ ಕಡೆಯ ತೆಲುಗು ಮನೆಗಳ ಮಕ್ಕಳಲ್ಲಿ ಇದನ್ನು ಮತ್ತೆ ಮತ್ತೆ ಕಂಡೆ. ಕೊನೆಗೆ ಆಡುಮಾತಿಗೆ ತಿರುಗಿಸಿ ಓದಿದ್ದಕ್ಕೊಂದು, ನಿಜವಾದ ತಪ್ಪಿಗೊಂದು ಎಂದು ಎರಡು ಪ್ರತ್ಯೇಕ ಕಲಂ ಇಟ್ಟು ಎಣಿಸಲು ಸಮಿತಿ ಒಪ್ಪಿತು. ಇಡೀ ಪಿಎಚ್‌ಡಿಯಲ್ಲಿ ನನ್ನದು ಎಂದು ಹೇಳಿಕೊಳ್ಳುವುದಿದ್ದರೆ ಆ ಎರಡು ಕಲಂ.

ಕ್ಷೇತ್ರಕಾರ್ಯ ಮಾಡುವವರಿಗೆ ಒಂದು ಮಾತು. ಯಾದಗಿರಿಯಲ್ಲಿ ದತ್ತಾಂಶದ ವೇಳಾಪಟ್ಟಿ ಹಾಕುವುದು ನೀವಲ್ಲ, ಹತ್ತಿ ಹೊಲ. ದೀಪಾವಳಿ ಹೊತ್ತಿಗೆ ಹತ್ತಿ ಬಿಡಿಸಲು ಮಕ್ಕಳೂ ಹೋಗುತ್ತಾರೆ, ಕೆಲವು ಕುಟುಂಬಗಳು ಬೆಂಗಳೂರು, ಪುಣೆ ಅಂತ ದುಡಿಯಲು ಹೊರಟುಬಿಡುತ್ತವೆ. ಜೂನ್‌ನಲ್ಲಿ ಪರೀಕ್ಷಿಸಿದ ಮಗು ಜನವರಿಯಲ್ಲಿ ಸಿಗುತ್ತದೆಂಬ ಖಾತ್ರಿ ಇಲ್ಲ. ಸಿನಾಪ್ಸಿಸ್‌ನಲ್ಲೇ, ಅಂದರೆ ಸಂಶೋಧನೆಯ ರೂಪರೇಷೆಯಲ್ಲೇ, ಇದಕ್ಕೆ ಜಾಗ ಇಡಿ. ಹೊರಗಿನ ಪರೀಕ್ಷಕರು 'ಮಾದರಿ ಏಕೆ ಕುಗ್ಗಿತು' ಎಂದು ಕೇಳಿಯೇ ಕೇಳುತ್ತಾರೆ.

ಪ್ರಬಂಧವನ್ನು ಕನ್ನಡದಲ್ಲಿ ಬರೆಯುವವರು ಮೊದಲ ದಿನದಿಂದ ಯುನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಹಳೆಯ ನುಡಿ ಫಾಂಟ್‌ನ ಕಡತವನ್ನು ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶಕ್ಕೆ ಹಾಕಿದರೆ ಅದಕ್ಕೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯುಜಿಸಿಯ 2018ರ ನಿಯಮದಲ್ಲಿ 10 ಶೇಕಡಾವರೆಗಿನ ಹೋಲಿಕೆಗೆ ದಂಡವಿಲ್ಲ. ಕಲಸುಮೇಲೋಗರಕ್ಕೆ ಸೊನ್ನೆ ಬಂದರೂ ಅದಕ್ಕೆ ಅರ್ಥವಿಲ್ಲ. ಡಿಟಿಪಿ ಅಂಗಡಿಯವರು 'ಕನ್ವರ್ಟ್ ಮಾಡಿ ಕೊಡ್ತೀವ್ರಿ ಅಕ್ಕೋರ' ಅನ್ನುತ್ತಾರೆ. ಮಾಡಿಕೊಡುತ್ತಾರೆ ಕೂಡ, ಒತ್ತಕ್ಷರಗಳು ಅಲ್ಲಲ್ಲಿ ಕಳಚಿರುತ್ತವೆ. ಒತ್ತಕ್ಷರದ ಕಲಿಕೆ ಕುರಿತ ಅಧ್ಯಾಯದಲ್ಲಿ ಒತ್ತಕ್ಷರ ಹುಡುಕುತ್ತ ಕೂರುವ ಯೋಗ ಶತ್ರುವಿಗೂ ಬೇಡ.

ದುಡ್ಡಿನ ಲಾಭ ಕೇಳುವವರಿಗೆ: ನನ್ನ ಸಂಬಳದ ಚೀಟಿಯಲ್ಲಿ ಏನೂ ಬದಲಾಗಿಲ್ಲ. ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಾಗುತ್ತದೆ ಎಂಬ ಮಾತು ಕೆಲ ವರ್ಷ ಓಡಾಡಿ, 2023ರ ಜುಲೈಯಲ್ಲಿ ಯುಜಿಸಿಯೇ ನೆಟ್, ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಸಾಕು ಎಂದಿತು. ಕೆಲಸಕ್ಕಾಗಿ ಮಾತ್ರ ಮಾಡುವುದಾದರೆ ನೆಟ್‌ಗೆ ಓದುವುದೇ ಅಗ್ಗದ ದಾರಿ.

ಸೇರುವ ಯೋಚನೆ ಇರುವವರು ಸಿನಾಪ್ಸಿಸ್‌ಗೆ ಕೈ ಹಾಕುವ ಮೊದಲು ಹತ್ತಿರದ ಶಾಲೆಯ ಹೆಡ್‌ಮಾಸ್ಟರನ್ನೂ ಪಾಲಕರನ್ನೂ ಒಪ್ಪಿಸಿ, ಮೂರನೇ ತರಗತಿಯ ಕೆಲವು ಮಕ್ಕಳ ಓದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಗೆ ಬಂದು ಒಂದೊಂದನ್ನೂ ಎರಡೆರಡು ಸಲ ಕೇಳಿ, ಎಲ್ಲಿ ತಡೆದರು, ಏಕೆ ತಡೆದರು ಎಂದು ಬರೆದು ನೋಡಿ. ಆಕಳಿಕೆ ಬಂದರೆ ಬೇರೆ ವಿಷಯ ಆರಿಸಿ. ಶಿಕ್ಷಣ ವಿಭಾಗದಲ್ಲಿ ಪ್ರಶ್ನಾವಳಿಗಳಿಗೆ ಬರವಿಲ್ಲ.