ಕ್ಲಚ್ ಪ್ಲೇಟ್ ಬದಲಿಸಿದ ಮೇಲೂ ಸ್ಲಿಪ್ ಆಗ್ತಿದ್ರೆ, ದಯವಿಟ್ಟು ಬೈಕ್ ಓಡಿಸಬೇಡಿ

ಮನೆಯಲ್ಲೇ ಕ್ಲಚ್ ಬದಲಿಸಿದ ಬೈಕ್. ಹೊಸ ಪ್ಲೇಟ್, ಹೊಸ ಗ್ಯಾಸ್ಕೆಟ್, ಹೊಸ ಆಯಿಲ್. ಮೊದಲ ಮೂರು ಗೇರ್‌ಗಳಲ್ಲಿ ಏನೂ ತಕರಾರಿಲ್ಲ. ಟಾಪ್ ಗೇರ್‌ಗೆ ಹಾಕಿ ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಸದ್ದು ಏರುತ್ತೆ, ಬೈಕ್ ಮಾತ್ರ ಇದ್ದ ವೇಗದಲ್ಲೇ ಇರುತ್ತೆ. "ಹೊಸ ಪ್ಲೇಟ್ ಅಲ್ವಾ, ಓಡ್ತಾ ಓಡ್ತಾ ಸೆಟ್ ಆಗುತ್ತೆ" ಅನ್ನೋ ಮಾತಿಗೆ ಕಿವಿಗೊಟ್ಟು 60 ಕಿ.ಮೀ. ಓಡಿಸಿದ್ದಾಯಿತು. ಕವರ್ ಬಿಚ್ಚಿದಾಗ ಸೀದ ವಾಸನೆ ಮೂಗಿಗೆ ಬಡಿಯಿತು. ಸ್ಟೀಲ್ ಪ್ಲೇಟ್‌ಗಳ ಮೇಲೆ ನೀಲಿ ಕಲೆಗಳು, ಅವುಗಳ ನಡುವೆ ಕೂತು ಹಿಡಿತ ಕೊಡುವ ಫ್ರಿಕ್ಷನ್ ಪ್ಲೇಟ್‌ಗಳ ಮೈ ಗಾಜಿನ ಹಾಗೆ ನುಣುಪು. ಮತ್ತೊಂದು ಸೆಟ್ ತಂದು ಹಾಕಿ, "ಬರೀ 60 ಕಿ.ಮೀ. ಓಡಿದ ಆಯಿಲ್ ತಾನೇ" ಅಂತ ಅದನ್ನೇ ವಾಪಸ್ ಸುರಿದದ್ದು ಎರಡನೇ ತಪ್ಪು. ಆ ಸೆಟ್ ಕೂಡ ಜಾರತೊಡಗಿತು. ಕೊನೆಗೆ ಡಬ್ಬದ ಹಿಂದಿನ ಬರಹ ಓದಿದಾಗ ಗೊತ್ತಾಯಿತು, ಅದು ಕಾರಿನ ಇಂಜಿನ್ ಆಯಿಲ್. ಸಾಲದ್ದಕ್ಕೆ ಕ್ಲಚ್ ಕೇಬಲ್‌ನಲ್ಲಿ ಒಂದಿಷ್ಟೂ ಪ್ಲೇ, ಅಂದರೆ ಸಡಿಲ, ಬಿಟ್ಟಿರಲಿಲ್ಲ.

ಪ್ಲೇಟ್ ಎರಡು ಸೆಟ್ ಹೋದವು. ಪ್ಲೇಟ್‌ನದ್ದು ಒಂದು ಸಲವೂ ತಪ್ಪಿರಲಿಲ್ಲ.

ಇಲ್ಲಿ ಹೇಳುತ್ತಿರುವುದು ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ ಬಗ್ಗೆ, ಅಂದರೆ ಹೆಚ್ಚಿನ ಗೇರ್ ಬೈಕ್‌ಗಳಲ್ಲಿ ಇರುವಂಥದ್ದು. ಹೊಸ ಪ್ಲೇಟ್ ಸೆಟ್ ಆಗೋದು ಅಂತ ಒಂದಿದೆ, ನಿಜ. ಆದರೆ ಅದು ಎಳೆತದಲ್ಲಿ ಸ್ವಲ್ಪ ಒರಟುತನ, ಲಿವರ್‌ನ ಪ್ಲೇ ಕೊಂಚ ಬದಲಾಗೋದು, ಇಷ್ಟಕ್ಕೇ ಮುಗಿಯುತ್ತೆ. ಜಾರುವಿಕೆ ಓಡಿಸಿದರೆ ವಾಸಿಯಾಗಲ್ಲ. ಜಾರುವ ಪ್ರತಿ ಕ್ಷಣವೂ ಬಿಸಿ, ಬಿಸಿಯಿಂದ ಪ್ಲೇಟ್‌ನ ಮೈ ನುಣುಪು, ನುಣುಪಾದಷ್ಟೂ ಇನ್ನಷ್ಟು ಜಾರುವಿಕೆ. ಓವರ್‌ಟೇಕ್ ಮಾಡುವಾಗ ಎದುರಿಗೆ ಲಾರಿ ಬರ್ತಿದ್ದು ಬೈಕ್ ಎಳೆಯದೇ ಹೋದರೆ ಆಗುವ ಅಪಾಯವನ್ನು ಬೇರೆ ಹೇಳಬೇಕಿಲ್ಲ.

ಯಾವಾಗ ಜಾರುತ್ತೆ ಅನ್ನೋದೇ ಅರ್ಧ ಉತ್ತರ. ಮೊದಲನೇ ಗೇರ್‌ನಲ್ಲೇ ಬೈಕ್ ಸರಿಯಾಗಿ ಮುಂದೆ ಹೋಗದಿದ್ದರೆ ಜೋಡಣೆಯಲ್ಲೇ ಏನೋ ತಪ್ಪಿದೆ. ಕೆಳಗಿನ ಗೇರ್‌ಗಳಲ್ಲಿ ಸರಿಯಿದ್ದು ಟಾಪ್‌ನಲ್ಲಿ, ಏರಿನಲ್ಲಿ, ಇಬ್ಬರು ಕೂತಾಗ ಜಾರಿದರೆ ಆಯಿಲ್, ಸ್ಪ್ರಿಂಗ್, ಕೇಬಲ್ ಈ ಮೂರನ್ನು ಅನುಮಾನಿಸಿ. ನೂರಿನ್ನೂರು ಕಿ.ಮೀ. ಚೆನ್ನಾಗಿ ಓಡಿ ಆಮೇಲೆ ಶುರುವಾದರೆ ಮೊದಲು ಕೇಬಲ್ ನೋಡಿ. ಪರೀಕ್ಷೆಗೆ ಖಾಲಿ ರಸ್ತೆಯಲ್ಲಿ ಟಾಪ್ ಗೇರ್‌ನಲ್ಲಿ ಗಂಟೆಗೆ 40–50 ಕಿ.ಮೀ. ವೇಗದಲ್ಲಿ ಹೋಗುತ್ತಾ ಒಮ್ಮೆ ಆಕ್ಸಿಲರೇಟರ್ ಪೂರ್ತಿ ಕೊಡಿ. ಇಂಜಿನ್ ಸದ್ದು ಮತ್ತು ವೇಗ ಜೊತೆಜೊತೆಗೇ ಏರಬೇಕು. ಒಂದು ಸಲ ಸಾಕು, ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯೇ ಪ್ಲೇಟ್ ಸುಡುತ್ತೆ.

ಕವರ್ ಬಿಚ್ಚುವ ಮೊದಲು ಕೇಬಲ್. ಲಿವರ್‌ನ ತುದಿಯಲ್ಲಿ ಸಾಮಾನ್ಯವಾಗಿ 10–20 ಮಿ.ಮೀ. ಸಡಿಲ ಇರಬೇಕು. ನಿಮ್ಮ ಬೈಕಿನ ನಿಖರ ಅಳತೆ ಮ್ಯಾನುವಲ್‌ನಲ್ಲಿರುತ್ತೆ. ಈ ಸಡಿಲ ಇಲ್ಲದಿದ್ದರೆ ಲಿವರ್ ಬಿಟ್ಟಿದ್ದರೂ ಕ್ಲಚ್ ಬಿಡಿಸುವ ಕಡ್ಡಿ, ಅಂದರೆ ಪುಶ್ ರಾಡ್, ಉಳಿದ ಪ್ಲೇಟ್‌ಗಳನ್ನು ಅದುಮುವ ಪ್ರೆಷರ್ ಪ್ಲೇಟನ್ನು ಸದಾ ತುಸು ತಳ್ಳುತ್ತಲೇ ಇರುತ್ತೆ, ಸ್ಪ್ರಿಂಗ್‌ನ ಒತ್ತಡ ಪೂರ್ತಿ ಪ್ಲೇಟ್‌ಗಳ ಮೇಲೆ ಬೀಳಲ್ಲ. ಮನೆಯಲ್ಲಿ ಬದಲಿಸುವವರು ಹೆಚ್ಚಾಗಿ ಎಡವೋದು ಇಲ್ಲೇ. ಹೊಸ ಪ್ಲೇಟ್ ದಪ್ಪ ಇರೋದರಿಂದ ಜೋಡಿಸಿದ ತಕ್ಷಣ ಲಿವರ್ ತೀರಾ ಸಡಿಲ ಅನ್ನಿಸುತ್ತೆ, ಅಡ್ಜಸ್ಟರ್ ತಿರುಗಿಸಿ ಬಿಗಿ ಮಾಡಿಬಿಡುತ್ತಾರೆ. ಪ್ಲೇಟ್ ಕೂತಂತೆಲ್ಲ ಆ ಪ್ಲೇ ಕಡಿಮೆಯಾಗುತ್ತಾ ಹೋಗುತ್ತೆ. ಬಿಗಿ ಮಾಡಿದ್ದರಲ್ಲಿ ಕಡಿಮೆಯಾಗಲು ಏನೂ ಉಳಿದಿರಲ್ಲ, ಸೊನ್ನೆಗೆ ಬರುತ್ತೆ, ಜಾರಲು ಶುರು.

ಲಿವರ್ ಬಳಿಯಿರುವ ಮೇಲಿನ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ, ಇಂಜಿನ್ ಬದಿಯ ನಟ್‌ನಲ್ಲಿ ಅಳತೆ ಸರಿಮಾಡಿ, ಕೊನೆಯ ಸಣ್ಣ ವ್ಯತ್ಯಾಸ ಮಾತ್ರ ಮೇಲೆ ಹೊಂದಿಸಿ. ಆಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಪ್ಲೇ ಮತ್ತೆ ನೋಡಿ. ಒಂದು ಕಡೆ ತಿರುಗಿಸಿದಾಗ ಪ್ಲೇ ಮಾಯವಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ ಅಥವಾ ದಾರಿ ತಪ್ಪಿ ಹೋಗಿದೆ. ಇಂಜಿನ್ ಮೇಲಿರುವ ಕ್ಲಚ್ ಆರ್ಮ್ ಕೂಡ ಕೈಯಲ್ಲಿ ಅಲ್ಲಾಡಿಸಿದರೆ ಸ್ವಲ್ಪ ಆಡಬೇಕು.

ಇನ್ನು ಆಯಿಲ್. 20ಡಬ್ಲ್ಯು-40 ಅಥವಾ 10ಡಬ್ಲ್ಯು-30 ಅಂತ ಗ್ರೇಡ್ ಒಂದೇ ಇದ್ದ ಮಾತ್ರಕ್ಕೆ ಆಯಿಲ್ ಒಂದೇ ಆಗಲ್ಲ. ಗ್ರೇಡ್ ಹೇಳೋದು ಆಯಿಲ್ ಎಷ್ಟು ಮಂದ ಅನ್ನೋದನ್ನ ಅಷ್ಟೇ. ಪೆಟ್ರೋಲ್ ಉಳಿಸಲೆಂದು ಅನೇಕ ಕಾರ್ ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ಅಂಶ ಬೆರೆಸಿರುತ್ತಾರೆ. ಕಾರಿನ ಕ್ಲಚ್ ಇಂಜಿನ್ ಆಯಿಲ್‌ನಲ್ಲಿ ಇರಲ್ಲ, ಹಾಗಾಗಿ ಅಲ್ಲಿ ತೊಂದರೆಯಿಲ್ಲ. ಬೈಕ್‌ನಲ್ಲಿ ಅದೇ ಆಯಿಲ್ ಕ್ಲಚ್ ಪ್ಲೇಟ್‌ಗಳ ನಡುವೆಯೂ ಹೋಗುತ್ತೆ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಗುರುತು ಹುಡುಕಿ. ಕ್ಲಚ್‌ನಲ್ಲಿ ಹಿಡಿತ ಕೊಡುವ ಬೈಕ್ ಆಯಿಲ್‌ಗಳನ್ನು ಗುರುತಿಸಲೆಂದೇ ಜಪಾನಿನಲ್ಲಿ 1998ರಲ್ಲಿ ಮಾಡಿದ ಮಾನದಂಡ ಇದು. ಎಂಬಿ ಅಂತಿದ್ದರೆ ಅದು ಗೇರಿಲ್ಲದ ಸ್ಕೂಟರ್‌ಗಳಿಗೆ, ಗೇರ್ ಬೈಕ್‌ಗೆ ಬೇಡ. "ರಿಸೋರ್ಸ್ ಕನ್ಸರ್ವಿಂಗ್" ಅಂತ ಬರೆದಿರುವ ಡಬ್ಬವನ್ನೂ ಮುಟ್ಟಬೇಡಿ.

ತಪ್ಪು ಆಯಿಲ್ ಹೋಗಿದ್ದು ಬೇಗ ಗೊತ್ತಾದರೆ, ಪ್ಲೇಟ್ ಇನ್ನೂ ಸುಟ್ಟಿಲ್ಲದಿದ್ದರೆ, ಆಯಿಲ್ ಪೂರ್ತಿ ಇಳಿಸಿ ಸರಿಯಾದದ್ದು ಹಾಕಿ ನೋಡಬಹುದು. ಪ್ಲೇಟ್ ಸುಟ್ಟಿದ್ದರೆ ಬದಲಿಸಲೇಬೇಕು. ಜೊತೆಗೆ ಆಯಿಲ್ ಜಾಲರಿ ತೆಗೆದು ತೊಳೆಯಿರಿ, ಫಿಲ್ಟರ್ ಬದಲಿಸಿ. ಪ್ಲೇಟ್‌ನಿಂದ ಉದುರಿದ ಕಪ್ಪು ಪುಡಿ ಜಾಲರಿಗೆ ಮೆತ್ತಿಕೊಂಡು ಆಯಿಲ್ ದಾರಿ ಕಟ್ಟಿದರೆ ಕ್ಲಚ್ ಜೊತೆ ಇಂಜಿನ್‌ಗೂ ಕುತ್ತು.

ಕೇಬಲ್, ಆಯಿಲ್ ಎರಡೂ ಸರಿಯಿದ್ದು ಇನ್ನೂ ಜಾರುತ್ತಿದ್ದರೆ ಕವರ್ ಬಿಚ್ಚಲೇಬೇಕು. ಒಂದು ಮಾತು: ಸ್ಟೀಲ್ ಪ್ಲೇಟನ್ನೇ ಪ್ರೆಷರ್ ಪ್ಲೇಟ್ ಅಂತ ಕರೆಯುವವರಿದ್ದಾರೆ, ಬಿಡಿಭಾಗ ಕೇಳುವಾಗ ಗೊಂದಲವಾಗುತ್ತೆ. ಇಲ್ಲಿ ಪ್ರೆಷರ್ ಪ್ಲೇಟ್ ಅಂದರೆ ಸ್ಪ್ರಿಂಗ್‌ಗಳ ಒತ್ತಡ ಹೊತ್ತು ಉಳಿದ ಪ್ಲೇಟ್‌ಗಳನ್ನು ಅದುಮುವ ಒಂದೇ ಒಂದು ದಪ್ಪ ಅಲ್ಯೂಮಿನಿಯಂ ಪ್ಲೇಟ್. ಅನೇಕ ಬೈಕ್‌ಗಳಲ್ಲಿ ಇದು ಹೊರಗಿರುತ್ತೆ, ಕೆಲವು ಚಿಕ್ಕ ಇಂಜಿನ್‌ಗಳಲ್ಲಿ ಒಳಗೆ.

ಇದರ ಹಲ್ಲುಗಳು ಹಬ್‌ನ, ಅಂದರೆ ಸ್ಟೀಲ್ ಪ್ಲೇಟ್‌ಗಳು ಕೂರುವ ನಡುವಿನ ಭಾಗದ, ತೋಡುಗಳೊಳಗೆ ಇಳಿದು ಕೂರಬೇಕು. ಹಲ್ಲಿನ ಮೇಲೆ ಹಲ್ಲು ನಿಂತರೂ ಸ್ಪ್ರಿಂಗ್ ಕೂರುತ್ತೆ, ಬೋಲ್ಟ್ ಬಿಗಿಯಾಗುತ್ತೆ, ನೋಡಲು ಎಲ್ಲ ಸರಿಯಾಗೇ ಕಾಣುತ್ತೆ. ಆದರೆ ಸ್ಪ್ರಿಂಗ್‌ನ ಬಲವೆಲ್ಲ ಹಬ್ ಮೇಲೆ ಬಿದ್ದು ಪ್ಲೇಟ್‌ಗಳು ಸಡಿಲವಾಗೇ ಉಳಿಯುತ್ತವೆ. ತುದಿಯ ಸ್ಟೀಲ್ ಪ್ಲೇಟ್ ಹಬ್‌ನ ತೋಡಿನಿಂದ ಜಾರಿ ಓರೆಯಾಗಿ ಸಿಕ್ಕಿಕೊಂಡರೂ ಇದೇ ಕಥೆ. ಕವರ್ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ: ಬೋಲ್ಟ್‌ಗಳೆಲ್ಲ ಬಿಗಿಯಾದ ಮೇಲೆ ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಹೊರಗಿನ ಫ್ರಿಕ್ಷನ್ ಪ್ಲೇಟ್‌ನ ಕಿವಿಯನ್ನು ಮೆಲ್ಲಗೆ ಮೀಟಿ. ಅಲ್ಲಾಡಲೇಬಾರದು. ಟಕ್ ಟಕ್ ಅಂತ ಆಡಿದರೆ ಎಲ್ಲ ಬಿಚ್ಚಿ ಮತ್ತೆ ಜೋಡಿಸಿ. ಎರಡು ನಿಮಿಷದ ಈ ಕೆಲಸ ಒಂದು ಸೆಟ್ ಪ್ಲೇಟ್ ಉಳಿಸುತ್ತೆ.

ಬೋಲ್ಟ್ ಇನ್ನಷ್ಟು ಬಿಗಿ ಮಾಡಿದರೆ ಹಿಡಿತ ಹೆಚ್ಚುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಬೋಲ್ಟ್ ಹೋಗಿ ಸ್ಪ್ರಿಂಗ್‌ನ ಒಳಗಿರುವ ಕಂಬದ ತುದಿಗೆ ತಾಗಿ ನಿಲ್ಲುತ್ತೆ, ಸ್ಪ್ರಿಂಗ್ ಎಷ್ಟು ಅದುಮಬೇಕು ಅನ್ನೋದು ಆ ಕಂಬದ ಎತ್ತರದಲ್ಲೇ ತೀರ್ಮಾನವಾಗಿದೆ. 6 ಮಿ.ಮೀ. ಬೋಲ್ಟ್‌ಗೆ ಸುಮಾರು 10–12 ನ್ಯೂಟನ್ ಮೀಟರ್ ಬಿಗಿತ ಸಾಕು, ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಸಮವಾಗಿ ಬಿಗಿಯಿರಿ. ಜೋರು ಮಾಡಿದರೆ ಅಲ್ಯೂಮಿನಿಯಂನಲ್ಲಿರುವ ಥ್ರೆಡ್ ಹಾಳಾಗುತ್ತೆ ಅಥವಾ ಬೋಲ್ಟ್ ಒಳಗೇ ಮುರಿಯುತ್ತೆ. ಸ್ಪ್ರಿಂಗ್ ಕೆಳಗೆ ವಾಷರ್ ತುರುಕುವ ಉಪಾಯವೂ ಬೇಡ. ಹಳೇ ಸ್ಪ್ರಿಂಗನ್ನು ವರ್ನಿಯರ್‌ನಲ್ಲಿ ಅಳೆದು, ಮ್ಯಾನುವಲ್ ಹೇಳಿದ ಮಿತಿಗಿಂತ ಒಂದೇ ಒಂದು ಗಿಡ್ಡವಾಗಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಪ್ಲೇಟ್‌ಗಳ ಎಣಿಕೆ ಹಳೆಯದಕ್ಕೆ ತಾಳೆಯಾಗಲಿ. ಒಂದು ಸ್ಟೀಲ್ ಪ್ಲೇಟ್ ಬಿಟ್ಟುಹೋದರೆ ಅದರ ದಪ್ಪದಷ್ಟು ಸ್ಪ್ರಿಂಗ್ ಸಡಿಲವಾಯಿತು ಅಂತಲೇ ಲೆಕ್ಕ. ಹಳೇ ಸ್ಟೀಲ್ ಪ್ಲೇಟ್ ಮತ್ತೆ ಬಳಸುವುದಾದರೆ ದಪ್ಪ ಗಾಜಿನ ಮೇಲಿಟ್ಟು, ಸಂದು ಅಳೆಯುವ ತೆಳು ಪಟ್ಟಿಯನ್ನು (ಫೀಲರ್ ಗೇಜ್) ತೂರಿಸಿ ಎಷ್ಟು ಡೊಂಕಾಗಿದೆ ನೋಡಿ. ಮಿತಿ ಬೈಕಿಗೆ ತಕ್ಕಂತೆ ಬದಲಾದರೂ ಸಾಮಾನ್ಯವಾಗಿ 0.1–0.2 ಮಿ.ಮೀ. ಆಸುಪಾಸು. ನೀಲಿಗಟ್ಟಿದ್ದರೆ ಅಳೆಯುವುದೂ ಬೇಡ, ಬಿಸಾಡಿ. ಅದುರುವಿಕೆ ತಗ್ಗಿಸುವ ಬಟ್ಟಲಿನಾಕಾರದ ಜಡ್ಡರ್ ಸ್ಪ್ರಿಂಗ್ ಇರುವ ಕ್ಲಚ್‌ನಲ್ಲಿ ಅದರ ಮುಖ ಯಾವ ಕಡೆಗಿತ್ತು, ಒಳವ್ಯಾಸ ದೊಡ್ಡದಿರುವ ಫ್ರಿಕ್ಷನ್ ಪ್ಲೇಟ್ ಎಲ್ಲಿತ್ತು ಅನ್ನೋದನ್ನ ಬಿಚ್ಚುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಹೊಸ ಫ್ರಿಕ್ಷನ್ ಪ್ಲೇಟನ್ನು ಒಣದಾಗಿ ಹಾಕಬೇಡಿ. ಬೈಕಿಗೆ ಹಾಕುವ ಅದೇ ಆಯಿಲ್‌ನಲ್ಲಿ ಕಡಿಮೆಯೆಂದರೆ ಎರಡು ಗಂಟೆ, ಸಾಧ್ಯವಾದರೆ ಇಡೀ ರಾತ್ರಿ ನೆನೆಸಿ. ಒಣ ಪ್ಲೇಟ್ ಮೊದಲ ಕೆಲವು ನಿಮಿಷದಲ್ಲೇ ಸುಟ್ಟುಕೊಳ್ಳಬಹುದು.

ಜೋಡಿಸಿ ಮುಗಿದ ಮೇಲೆ ಮೊದಲ 200–300 ಕಿ.ಮೀ. ಅರ್ಧ ಕ್ಲಚ್‌ನಲ್ಲಿ ಏರು ಹತ್ತೋದು, ಜೋರಾಗಿ ಎಳೆಯೋದು ಬೇಡ. ಕೇಬಲ್‌ನ ಪ್ಲೇಯನ್ನು 50 ಕಿ.ಮೀ. ಆದ ಮೇಲೆ ಒಮ್ಮೆ, 200 ಆದ ಮೇಲೆ ಇನ್ನೊಮ್ಮೆ, ಇಂಜಿನ್ ತಣ್ಣಗಿದ್ದಾಗ ಅಳೆಯಿರಿ. ಅದೇ ಹೊತ್ತಿಗೆ ಡಿಪ್‌ಸ್ಟಿಕ್ ತೆಗೆದು ಆಯಿಲ್ ಮೂಸಿ ನೋಡಿ. ಸೀದ ವಾಸನೆ ಬಂದರೆ ಅಲ್ಲಿಗೇ ಬೈಕ್ ನಿಲ್ಲಿಸಿ ಕವರ್ ಬಿಚ್ಚಿ.