ಮ್ಯೂನಿಕ್‌ನಿಂದ ಪ್ರಾಗ್‌ಗೆ: ರಾತ್ರಿ ಬಸ್ಸೋ, ಬೆಳಗಿನ ರೈಲೋ?

ಮ್ಯೂನಿಕ್‌ನಲ್ಲಿ ಓದುವವರಿಗೆ ಪಕ್ಕದ ಚೆಕ್ ದೇಶದ ಪ್ರಾಗ್ ಅಂದರೆ ಬೆಂಗಳೂರಿನವರಿಗೆ ಮಡಿಕೇರಿ ಇದ್ದ ಹಾಗೆ. ಐದಾರು ಗಂಟೆ ದಾರಿ, ವಾರದ ಕೊನೆಗೆ ಹೋಗಿ ಬರಬಹುದು, ಗೊತ್ತಿರುವವರೆಲ್ಲ ಆಗಲೇ ಹೋಗಿ ಫೋಟೊ ಹಾಕಿರುತ್ತಾರೆ. ನಾನು 2024ರಲ್ಲಿ ಎರಡು ಸಲ ಹೋದೆ. ಮೇ ತಿಂಗಳಲ್ಲಿ ಒಬ್ಬನೇ, ರಾತ್ರಿ ಬಸ್ಸಿನಲ್ಲಿ. ಜೂನ್ ಕೊನೆಗೆ ರೂಮ್‌ಮೇಟ್ ಜೊತೆ, ಬೆಳಗಿನ ರೈಲಿನಲ್ಲಿ. ಎರಡು ಸಲವೂ ಕಟ್ಟಿಕೊಂಡ ಗಂಟು 120 ಯೂರೋ, ಅದನ್ನು ದಾಟಬಾರದು.

ನಾನು ಹುಬ್ಬಳ್ಳಿ–ಬೆಂಗಳೂರು ರಾತ್ರಿ ಬಸ್ಸಿನಲ್ಲೇ ಡಿಗ್ರಿ ಮುಗಿಸಿದವನು. ಕಿಟಕಿಗೆ ತಲೆ ಆನಿಸಿದರೆ ತುಮಕೂರು ಬರುವವರೆಗೆ ಎಚ್ಚರ ಆಗುತ್ತಿರಲಿಲ್ಲ. ಅದೇ ಧೈರ್ಯದಲ್ಲಿ ರಾತ್ರಿ ಬಸ್ಸು ಬುಕ್ ಮಾಡಿದೆ. ಹೋಗಲು 18 ಯೂರೋ, ಭಾನುವಾರ ಸಂಜೆ ವಾಪಸ್ಸು 23. ಒಂದು ರಾತ್ರಿಯ ಬಾಡಿಗೆಯೂ ಉಳಿಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಆದರೆ ಇಲ್ಲಿನ ಸೀಟು ನಮ್ಮ ರಾಜಹಂಸದ ಹಾಗೆ ಹಿಂದಕ್ಕೆ ಬಾಗುವುದಿಲ್ಲ. ನಡುರಾತ್ರಿ ರೇಗೆನ್ಸ್‌ಬುರ್ಗ್‌ನಲ್ಲಿ ಎಲ್ಲ ದೀಪ ಹಾಕಿದರು. ಪಕ್ಕದವನು ಬರ್ಗರ್ ಬಿಚ್ಚಿದ. ಬೆಳಗಿನ 4:20ಕ್ಕೆ ಫ್ಲೊರೆಂಟ್ಸ್ ಬಸ್ ನಿಲ್ದಾಣದಲ್ಲಿ ಇಳಿಸಿದಾಗ ಕುತ್ತಿಗೆ ಒಂದು ಕಡೆಗೇ ತಿರುಗುತ್ತಿತ್ತು. ಮೆಟ್ರೋ ಇನ್ನೂ ಶುರುವಾಗಿರಲಿಲ್ಲ. ಹಾಸ್ಟೆಲ್ ಚೆಕ್-ಇನ್ ಮಧ್ಯಾಹ್ನ ಮೂರಕ್ಕೆ.

ಇನ್ನೇನು ಮಾಡುವುದು, ಬ್ಯಾಗ್ ಹೊತ್ತು ಚಾರ್ಲ್ಸ್ ಸೇತುವೆ ಕಡೆ ನಡೆದೆ. ಎರಡು ಕಿಲೋಮೀಟರ್ ಇರಬಹುದು. 1357ರಲ್ಲಿ ಕಟ್ಟಲು ಶುರುಮಾಡಿದ ಸೇತುವೆ, ಹಗಲಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆವತ್ತು ಐದು ಗಂಟೆಗೆ ಅಲ್ಲಿ ಇದ್ದವರು ಆರೇ ಜನ. ಒಬ್ಬ ಮೀನು ಹಿಡಿಯುವ ಕೋಲು ಹೆಗಲಿಗೇರಿಸಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಕಲ್ಲಿನ ಸಂತರ ಮೂರ್ತಿಗಳ ತಲೆ ಮೇಲೆ ಒಂದೊಂದು ಪಾರಿವಾಳ. ವಲ್ಟಾವಾ ನದಿ ಮೇಲೆ ಮಂಜು, ಅದರಾಚೆ ಗುಡ್ಡದ ಮೇಲೆ ಕೋಟೆ. ಕೋಟೆಯ ಅಂಗಳ ಬೆಳಗ್ಗೆ ಆರಕ್ಕೇ ತೆರೆಯುತ್ತದೆ, ಅಂಗಳಕ್ಕೆ ದುಡ್ಡೂ ಇಲ್ಲ. ಏಳು ಗಂಟೆಯೊಳಗೆ ಊರಿನ ಮುಖ್ಯವಾದ ಜಾಗಗಳನ್ನೆಲ್ಲ ಪುಕ್ಕಟೆ ನೋಡಿಯಾಗಿತ್ತು.

ಆಮೇಲೆ ಶುರುವಾಯಿತು ಕಷ್ಟ. ಹತ್ತಕ್ಕೆ ಕಣ್ಣು ಎಳೆಯತೊಡಗಿತು. ಕೂರುವುದಕ್ಕೋಸ್ಕರ ಎರಡು ಕಾಫಿ, ಬ್ಯಾಗಿಗೋಸ್ಕರ ಒಂದು ಲಾಕರ್. ಲೆತ್ನಾ ಪಾರ್ಕಿನ ಬೆಂಚಿನ ಮೇಲೆ ಮಲಗಿದವನಿಗೆ ಎಚ್ಚರ ಆಗಿದ್ದು ಒಂದೂವರೆಗೆ, ಅದೂ ಒಂದು ನಾಯಿ ಬಂದು ಮೂಸಿದಾಗ. ಶನಿವಾರ ಅರ್ಧ ಹೋಯಿತು.

ಆ ನಿದ್ದೆಗಣ್ಣಲ್ಲೇ ಇನ್ನೊಂದು ಪೆದ್ದುತನ ಮಾಡಿದ್ದೆ. ಚೆಕ್ ದೇಶದಲ್ಲಿ ಯೂರೋ ನಡೆಯುವುದಿಲ್ಲ, ಕೊರುನಾ ಬೇಕು. ಆಗ ಒಂದು ಯೂರೋಗೆ ಸುಮಾರು 25 ಕೊರುನಾ. ದಾರಿಯಲ್ಲಿ 'ಕಮಿಷನ್ 0%' ಎಂದು ದಪ್ಪ ಅಕ್ಷರದ ಬೋರ್ಡ್ ಇದ್ದ ಗೂಡಂಗಡಿಯಲ್ಲಿ 60 ಯೂರೋ ಕೊಟ್ಟೆ. ಕೈಗೆ ಬಂದಿದ್ದು 1,200 ಚಿಲ್ಲರೆ. ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿದ್ದು ಅವರು ಯೂರೋ ಮಾರುವ ದರ, ಕೊಳ್ಳುವ ದರ ಕೆಳಗೆ ಇರುವೆ ಸಾಲಿನಷ್ಟು ಚಿಕ್ಕದು. ವಾಟ್ಸಾಪಿನಲ್ಲಿ ಗೋಳು ಹೇಳಿಕೊಂಡಾಗ ಸೀನಿಯರ್ ಒಬ್ಬರು ಹೇಳಿದರು: 2019ರಿಂದ ಅಲ್ಲಿ ಕಾನೂನಿದೆ, ದುಡ್ಡು ಬದಲಾಯಿಸಿದ ಮೂರು ತಾಸಿನೊಳಗೆ ರಸೀದಿ ತೋರಿಸಿದರೆ ವ್ಯವಹಾರ ರದ್ದು ಮಾಡಲೇಬೇಕು. ಓಡಿದೆ. ಕಿಟಕಿಯ ಹಿಂದಿದ್ದಾತ ಮುಖ ಸಿಂಡರಿಸಿಕೊಂಡು, ಒಂದೂ ಮಾತಾಡದೆ, ಮೂರು ಇಪ್ಪತ್ತರ ನೋಟು ವಾಪಸ್ ಎಸೆದ. ಎರಡನೇ ಸಲ ಎಲ್ಲ ಕಡೆ ಕಾರ್ಡೇ ಉಜ್ಜಿದೆ, ಟ್ರಾಮಿನಲ್ಲೂ ನಡೆಯುತ್ತದೆ. ಎಟಿಎಂ 'ನಿಮ್ಮ ಕರೆನ್ಸಿಗೆ ಬದಲಾಯಿಸಲೇ' ಎಂದು ಕೇಳಿದರೆ ಬೇಡ ಅನ್ನಿ, ಅಷ್ಟೇ.

ಇನ್ನು ರೈಲು. ಇಲ್ಲೊಂದು ಉಪಾಯ ಇದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ವಿದ್ಯಾರ್ಥಿಗಳಿಗೆ ಆಗ ತಿಂಗಳಿಗೆ 29 ಯೂರೋಗೆ, ಜರ್ಮನಿಯ ಊರೊಳಗಿನ ಸಾರಿಗೆಗೂ ಪ್ರಾದೇಶಿಕ ರೈಲಿಗೂ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ ಸಿಗುತ್ತಿತ್ತು. ಕಾಲೇಜಿಗೆ ಓಡಾಡಲು ಹೇಗೂ ಎಲ್ಲರ ಹತ್ತಿರ ಇರುತ್ತದೆ. ಪ್ರಾಗ್‌ಗೆ ಹೋಗುವ ನೇರ ರೈಲು ಜರ್ಮನಿಯೊಳಗೆ ಪ್ರಾದೇಶಿಕ ರೈಲು, ಹಾಗಾಗಿ ಗಡಿಯ ಫುರ್ತ್ ಇಮ್ ವಾಲ್ಡ್ ಸ್ಟೇಷನ್‌ವರೆಗೆ ಅದೇ ಟಿಕೆಟ್ ಸಾಕು. ಅಲ್ಲಿಂದ ಪ್ರಾಗ್‌ಗೆ ಮಾತ್ರ ಬೇರೆ ಟಿಕೆಟ್. ನಮಗೆ ಒಂದು ಕಡೆಗೆ 12 ಯೂರೋ ಬಿತ್ತು. ಮ್ಯೂನಿಕ್‌ನಿಂದಲೇ ಪೂರ್ತಿ ಟಿಕೆಟ್ ತೆಗೆದುಕೊಂಡ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಎರಡು ದಿನ ಮಾತು ಬಿಟ್ಟಿದ್ದ. 26ರ ಒಳಗಿನ ವಿದ್ಯಾರ್ಥಿಯಾಗಿದ್ದು ಐಸಿಕ್ ಕಾರ್ಡ್ (ಅಂತರರಾಷ್ಟ್ರೀಯ ವಿದ್ಯಾರ್ಥಿ ಗುರುತಿನ ಚೀಟಿ) ಇದ್ದರೆ ಚೆಕ್ ಭಾಗದ ದರವೂ ಅರ್ಧ. ನನಗೆ 27, ಬಿಡಿ.

ರೈಲು ನಿಧಾನ. ರೇಗೆನ್ಸ್‌ಬುರ್ಗ್ ದಾಟಿದ ಮೇಲೆ ಗಡಿ ದಾಟುವವರೆಗೂ ಹಳಿ ಮೇಲೆ ವಿದ್ಯುತ್ ತಂತಿಯೇ ಇಲ್ಲ, ಡೀಸೆಲ್ ಎಂಜಿನ್ ಗುರ್ ಅನ್ನುತ್ತಾ ಕಾಡು, ಹೊಲ, ಕೆರೆ ದಾಟಿಸುತ್ತದೆ. ಆದರೆ ಕಾಲು ಚಾಚಬಹುದು, ಟೇಬಲ್ ಇದೆ. ರೂಮ್‌ಮೇಟ್ ಡಬ್ಬಿ ತೆಗೆದ, ಗೊಜ್ಜವಲಕ್ಕಿ ತಿಂದೆವು. ಶುಕ್ರವಾರ ಕ್ಲಾಸ್ ಇರಲಿಲ್ಲ, ಹಾಗಾಗಿ ಬೆಳಗ್ಗೆಯೇ ಹೊರಟು ಮಧ್ಯಾಹ್ನದ ಊಟದ ಹೊತ್ತಿಗೆ ಪ್ರಾಗ್‌ನಲ್ಲಿದ್ದೆವು.

ಶುಕ್ರವಾರ ಅನ್ನುವುದೇ ದೊಡ್ಡ ಲಾಭ. ಅಲ್ಲಿನ ಹೋಟೆಲುಗಳಲ್ಲಿ 'ಪೊಲೆದ್ನಿ ಮೆನು' ಅಂತ ಮಧ್ಯಾಹ್ನದ ಅಗ್ಗದ ಊಟ ಇರುತ್ತದೆ, ಆಫೀಸಿನವರಿಗೋಸ್ಕರ. ಸಾಮಾನ್ಯವಾಗಿ ಅದು ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ. ಬಸ್ಸಿನಲ್ಲಿ ಶನಿವಾರ ಇಳಿದವನಿಗೆ ಇದು ಸಿಕ್ಕಿರಲಿಲ್ಲ. 165 ಕೊರುನಾಗೆ ಒಂದು ಸೂಪು, ಒಂದು ಸ್ಮಾಜೆನಿ ಸಿರ್, ಅಂದರೆ ಬ್ರೆಡ್ ಪುಡಿ ಹಚ್ಚಿ ಕರಿದ ದಪ್ಪ ಚೀಸ್ ತುಂಡು, ಜೊತೆಗೆ ಬೇಯಿಸಿದ ಆಲೂಗಡ್ಡೆ. ಸಸ್ಯಾಹಾರಿಗೆ ಆ ಊರಲ್ಲಿ ಇದೇ ಆಪದ್ಬಾಂಧವ. ಆರ್ಡರ್ ಮಾಡುವಾಗ 'ಬೆಜ್ ಮಸಾ', ಮಾಂಸ ಬೇಡ, ಅಂತ ಹೇಳಿ. ಬಂದ ಬೇಳೆ ಸೂಪು ಒಗ್ಗರಣೆ ಹಾಕುವುದನ್ನು ಮರೆತ ಸಾರಿನ ಹಾಗಿತ್ತು. ಬೇಜಾರಿಲ್ಲದೆ ಕುಡಿದೆವು.

ಉಳಿಯುವ ಜಾಗಕ್ಕೆ ಬಂದರೆ, ಮೇನಲ್ಲಿ ಊರ ನಡುವಿನ ಹಾಸ್ಟೆಲ್‌ನಲ್ಲಿ 12 ಜನರ ಕೋಣೆ, ಒಂದು ರಾತ್ರಿಗೆ 24 ಯೂರೋ. ಗೊರಕೆ ಉಚಿತ. ಜೂನ್‌ನಲ್ಲಿ ಮೆಟ್ರೋ ಸಿ ಲೈನಿನ ಕೊನೆಯ ಸ್ಟೇಷನ್ ಹಾಯೆ ಹತ್ತಿರ ಅಪಾರ್ಟ್‌ಮೆಂಟಿನ ಕೋಣೆ, ತಲಾ 19. ಸುತ್ತ ಕಮ್ಯುನಿಸ್ಟ್ ಕಾಲದ ಬೆಂಕಿಪೊಟ್ಟಣದಂಥ ಕಟ್ಟಡಗಳು, ಕೆಳಗೆ ಸೂಪರ್‌ಮಾರ್ಕೆಟ್, ಟೂರಿಸ್ಟ್ ಒಬ್ಬನೂ ಇಲ್ಲ. ಮುಖ್ಯ ರೈಲು ನಿಲ್ದಾಣವೂ ಸಿ ಲೈನಿನಲ್ಲೇ ಇದೆ, ಬದಲಾಯಿಸುವ ರಗಳೆ ಇಲ್ಲ, ಸುಮಾರು 20 ನಿಮಿಷ. 24 ಗಂಟೆಯ ಪಾಸಿಗೆ ಆಗ 120 ಕೊರುನಾ. ಕಾಗದದ ಟಿಕೆಟ್ ಆದರೆ ಹಳದಿ ಡಬ್ಬಿಯಲ್ಲಿ ಸೀಲ್ ಒತ್ತಿಸಿ, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ.

ವಾಪಸ್ಸಿನಲ್ಲೂ ರೈಲೇ ಮೇಲು. 2023ರ ಅಕ್ಟೋಬರ್‌ನಿಂದ ಜರ್ಮನಿ ಚೆಕ್ ಗಡಿಯಲ್ಲಿ ತಪಾಸಣೆ ಮತ್ತೆ ಶುರುಮಾಡಿದೆ. ಬಸ್ಸನ್ನು ವಾಯ್ಡ್‌ಹೌಸ್ ಹತ್ತಿರ ನಿಲ್ಲಿಸಿ 40 ನಿಮಿಷ ಒಬ್ಬೊಬ್ಬರದೇ ಕಾಗದ ನೋಡಿದರು. ಎರಡು ಸೀಟು ಮುಂದಿದ್ದ ಹುಡುಗನ ಹತ್ತಿರ ಪಾಸ್‌ಪೋರ್ಟಿನ ಫೋಟೊ ಮಾತ್ರ ಇತ್ತು, ಅವನನ್ನು ಕೆಳಗಿಳಿಸಿದರು. ರೈಲಿನಲ್ಲಿ ಪೊಲೀಸರು ಓಡುವ ಬೋಗಿಯೊಳಗೇ ನೋಡಿಕೊಂಡು ಹೋದರು. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡೂ ಕೈಯಲ್ಲಿರಲಿ.

ಒಟ್ಟು ಖರ್ಚು ಬಸ್ಸಿನ ಸಲ 104 ಯೂರೋ, ರೈಲಿನ ಸಲ 109. ಐದು ಯೂರೋ ಜಾಸ್ತಿಗೆ ಒಂದು ದಿನ ಹೆಚ್ಚು ಸಿಕ್ಕಿತು, ಕುತ್ತಿಗೆಯೂ ನೆಟ್ಟಗಿತ್ತು. ಯಾರಾದರೂ ಕೇಳಿದರೆ ರೈಲು ಅಂತಲೇ ಹೇಳುತ್ತೇನೆ.

ಆ ಸೇತುವೆಯ ಬೆಳಗು ಮಾತ್ರ ರೈಲಿನ ಲೆಕ್ಕದಲ್ಲಿ ಬರಲಿಲ್ಲ. ರೂಮ್‌ಮೇಟ್‌ಗೆ ತೋರಿಸಲೇಬೇಕು ಎಂದು ಶನಿವಾರ ಹಾಯೆಯಲ್ಲಿ ನಾಲ್ಕಕ್ಕೆ ಅಲಾರಾಂ ಇಟ್ಟೆ. ಹೊಡೆಯಿತು. ಹಾಸಿಗೆ ಬೆಚ್ಚಗಿತ್ತು. ಹತ್ತು ಗಂಟೆಗೆ ಹೋದೆವು. ಜಾತ್ರೆ. ಅವನು ಯಾರದೋ ಸೆಲ್ಫಿ ಕೋಲಿನ ಕೆಳಗೆ ತಲೆ ಬಗ್ಗಿಸಿ, "ಇದೇನಾ ನೀನು ಹೇಳಿದ್ದು?" ಅಂದ.